ಹೀಬ್ರೂವನ್ನು ಕನ್ನಡದ ದಾರಿಯಲ್ಲೇ ದಾಟಿದ್ದು: ನನ್ನ ಅನುಭವ

ಕ್ರೈಸ್ತ ದೇವತಾಶಾಸ್ತ್ರದ ಪದವಿಯಾದ ಬಿ.ಡಿ.ಯಲ್ಲಿ ಹೀಬ್ರೂ ಬಿಟ್ಟು ಗ್ರೀಕ್ ತೆಗೆದುಕೊಂಡು, ಆಮೇಲೆ ಬೈಬಲಿನ ಹೀಬ್ರೂ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಸ್ನಾತಕೋತ್ತರ ಪದವಿ ಎಂ.ಟಿಎಚ್. ಮಾಡಲು ಹೊರಟವರಿಗೆ ನನ್ನ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಈ ಪದವಿಗಳನ್ನು ಕೊಡುವ ಸೆರಾಂಪುರದ ಸೆನೆಟ್‌ನಲ್ಲಿ ಆ ವಿಭಾಗಕ್ಕೆ ಹೀಬ್ರೂ ಇಲ್ಲದೆ ನಡೆಯದು. ಇಂಗ್ಲಿಷನ್ನು ಬದಿಗಿಟ್ಟು ಮೂಲದಿಂದ ನೇರ ಕನ್ನಡಕ್ಕೆ ಬಿಡಿಸುತ್ತೇನೆ ಎಂದಾಗ ಹಿರಿಯ ವಿದ್ಯಾರ್ಥಿಗಳು ನಕ್ಕರು. "ನಿಘಂಟು ಇಂಗ್ಲಿಷಿನಲ್ಲಿ, ವ್ಯಾಕರಣ ಇಂಗ್ಲಿಷಿನಲ್ಲಿ, ನಿಮಗೊಬ್ಬರಿಗೆ ಮಾತ್ರ ಕನ್ನಡವೇ?" ಎಂದು ಕಲಿಸುವವರೂ ಕೇಳಿದರು. ಕೊನೆಗೆ ಗದ್ಯಭಾಗದಲ್ಲಿ ತರಗತಿಗೇ ಹೆಚ್ಚು ಅಂಕ ನನಗೆ ಬಂತು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಹೀಬ್ರೂ ಬೈಬಲಿನ ಮೂಲಪಾಠದ ವಿದೇಶಿ ಆವೃತ್ತಿಗೆ ಆಗ ಮೂರು ನಾಲ್ಕು ಸಾವಿರ ರೂಪಾಯಿ ಇತ್ತು. ಅಷ್ಟು ಇಲ್ಲದೆ ನಾನೂರು ಚಿಲ್ಲರೆ ಕೊಟ್ಟು ಬೇಕಾದ ಪುಸ್ತಕಗಳಷ್ಟನ್ನು ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದೆ. ಆ ಪ್ರತಿಯಲ್ಲಿ ಕಾಮೆತ್ಸ್, ಪಾತಾಖ್ ಎಂಬ ಸ್ವರಚಿಹ್ನೆಗಳೆರಡೂ ಒಂದೇ ಗೀಟು. ಅಕ್ಷರದ ಹೊಟ್ಟೆಯೊಳಗಿನ ದಾಗೆಶ್ ಚುಕ್ಕೆ ಮಾಯ. ಧಾತುವಿನ ನಡು ಅಕ್ಷರ ಇಮ್ಮಡಿಯಾಗುವ ಪಿಯೆಲ್ ಎಂಬ ಕ್ರಿಯಾರೂಪಕ್ಕೆ ಆ ಚುಕ್ಕೆಯೇ ಜೀವ. ವಾರಗಟ್ಟಲೆ ತಪ್ಪು ಬಿನ್ಯಾನ್ (ಪಿಯೆಲ್‌ನಂಥ ಕ್ರಿಯಾರೂಪದ ಮಾದರಿ) ಗುರುತಿಸಿದ ಮೇಲೆ ಕಂತಿನಲ್ಲಿ ಒಳ್ಳೆಯ ಪ್ರತಿಯನ್ನೇ ಕೊಂಡೆ. ಮೊಬೈಲಿನ ಒಂದು ಆ್ಯಪ್‌ಗೂ ಸುಮಾರು ಎರಡು ಸಾವಿರ ಸುರಿದೆ. ಅದರಲ್ಲಿ ಪ್ರತಿ ಪದದ ಕೆಳಗೂ ಇಂಗ್ಲಿಷ್ ಅರ್ಥ ಇರುತ್ತಿತ್ತು. ಕಣ್ಣು ಅಲ್ಲಿಗೇ ಜಾರುತ್ತಿತ್ತು, ಹೀಬ್ರೂ ತಲೆಗೆ ಹತ್ತಲಿಲ್ಲ. ಪದಕಾರ್ಡುಗಳಿಗೆ ಮಾತ್ರ ಖರ್ಚಾಗಲಿಲ್ಲ: ಹಳೆಯ ಮದುವೆ ಕಾಗದಗಳ ಖಾಲಿ ಬೆನ್ನು ಸಾಕಾಯಿತು.

ಕನ್ನಡ ಲಿಪಿಯಲ್ಲೇ ಹೀಬ್ರೂ ಬರೆದುಕೊಂಡರೆ ಹೇಗೆ ಎಂದೂ ನೋಡಿದೆ. ಕಾಗುಣಿತ ಕಲಿತವರಿಗೆ ಸ್ವರಚಿಹ್ನೆ ಹೊಸತಲ್ಲ, ಆರಂಭದಲ್ಲಿ ಸಲೀಸಾಗಿತ್ತು. ಆದರೆ ಅಲೆಫ್, ಅಯಿನ್ ಎಂಬ ಬೇರೆ ಬೇರೆ ವ್ಯಂಜನಗಳೆರಡೂ 'ಅ' ಆಗಿಬಿಡುತ್ತವೆ. ಕೆಲವು ರೂಪಗಳಲ್ಲಿ ಅಕ್ಷರ ಬಿದ್ದುಹೋಗುವ ಇಲ್ಲವೇ ಬದಲಾಗುವ ದುರ್ಬಲ ಧಾತುಗಳ ಪಾಠ ಬಂದಾಗ ಯಾವ ಧಾತುವೆಂದು ಹುಡುಕಲೂ ಆಗದೆ ಕೈಬಿಟ್ಟೆ. ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆಯ ಹೀಬ್ರೂವನ್ನು ಭಾಮಿನಿ ಷಟ್ಪದಿಯ ಧಾಟಿಗೆ ಕೂರಿಸಲೂ ಹೊರಟಿದ್ದೆ. ಕೂರಲಿಲ್ಲ, ಹಾಸ್ಟೆಲಿನವರಿಗೆ ಒಳ್ಳೆಯ ಮನರಂಜನೆಯಾಯಿತು.

ದಾರಿ ಸಿಕ್ಕಿದ್ದು ಹಳೆಯ ಒಡಂಬಡಿಕೆಯ ಯೋನನ ಪುಸ್ತಕದಲ್ಲಿ. ನಾಲ್ಕೇ ಅಧ್ಯಾಯ, 48 ವಚನ. ಒಂದನೆಯ ಅಧ್ಯಾಯದ ಮೂರನೆಯ ವಚನದಲ್ಲಿ ಸಾಲಾಗಿ ಐದು ವಯ್ಯಿಕ್ತೋಲ್ ಕ್ರಿಯೆಗಳಿವೆ, ಅಂದರೆ ಮುಂದೆ 'ಮತ್ತು' ಎಂಬರ್ಥದ 'ವ' ಹತ್ತಿಸಿಕೊಂಡು ಕಥೆಯನ್ನು ಸರಪಳಿಯಂತೆ ಒಯ್ಯುವ ಕ್ರಿಯಾರೂಪಗಳು. ಇಂಗ್ಲಿಷ್ ಮೂಲಕ ಹೋದರೆ ಪ್ರತಿಯೊಂದಕ್ಕೂ 'ಮತ್ತು' ಅಂಟಿಸುತ್ತಾ ಕೂರಬೇಕು. ನಾನು ನಮ್ಮ ಕೃದಂತಾವ್ಯಯಕ್ಕೆ ಇಳಿಸಿದೆ: ಯೋನನು ಎದ್ದು, ಯೊಪ್ಪಕ್ಕೆ ಇಳಿದು, ಹಡಗನ್ನು ಕಂಡು, ಪ್ರಯಾಣದ ಹಣ ತೆತ್ತು, ಅದರೊಳಗೆ ಇಳಿದನು. ಐದೂ ಕ್ರಿಯೆ ಒಂದೇ ಉಸಿರಿನಲ್ಲಿ ಬಂದವು.

ಇದರ ನಿಜವಾದ ಲಾಭ ಬೇರೆ ಇದೆ. ಕರ್ತೃ ಬದಲಾದ ಕಡೆ ಹೀಬ್ರೂ ಸರಪಳಿ ಮುಂದುವರಿಯಬಹುದು, ಕನ್ನಡದ್ದು ಸಾಮಾನ್ಯವಾಗಿ ಮುಂದುವರಿಯುವುದಿಲ್ಲ. 'ಇಳಿದು' ಎಂದವನೇ ಮುಂದಿನದನ್ನೂ ಮಾಡಬೇಕು. ಹಾಗಾಗಿ ಪ್ರತಿ ಕ್ರಿಯಾಪದದ ಪುರುಷ, ಲಿಂಗ, ಏಕವಚನವೋ ಬಹುವಚನವೋ ಎಂಬುದನ್ನು ನೋಡದೆ ವಾಕ್ಯವನ್ನು ಮುಗಿಸಲಾಗದು. ಐದನೆಯ ವಚನದಲ್ಲಿ ನಾವಿಕರ ಗಲಿಬಿಲಿ ನಡುವೆ ಹೀಬ್ರೂ ಥಟ್ಟನೆ ಯೋನನ ಹೆಸರನ್ನು ಕ್ರಿಯೆಗಿಂತ ಮುಂದಕ್ಕೆ ತರುತ್ತದೆ. ಅಲ್ಲಿ 'ಯೋನನಾದರೋ' ಎಂದು ಬರೆದೆ, ಹೊಂದಿಕೊಂಡಿತು. ರೂತಳ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಸ್ತ್ರೀಲಿಂಗದ ಸಾಲು: ಹೋಗಿ, ಬಂದು, ಹಕ್ಕಲಾಯ್ದಳು. ಕೊನೆಯ 'ಅಳು' ಒಂದೇ ಇಡೀ ಸಾಲಿನ ಲಿಂಗವನ್ನು ಹೊರುತ್ತದೆ.

ಪರೀಕ್ಷೆಗೆ ಬರೆಯುವಾಗ ಈ ಕನ್ನಡ ಕರಡನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ವಚನಕ್ಕೆ ಎರಡು ನಿಮಿಷ ಹೆಚ್ಚು ಹಿಡಿಯಿತು, ಅಷ್ಟೇ. ದುರ್ಬಲ ಧಾತುಗಳಿಗೆ ನಾನು ಮಾಡಿಕೊಂಡ ಬಣ್ಣದ ಗುರುತುಗಳನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದಕ್ಕೆ ಎರಡು ರಜೆಗಳು ಹೋಗಿವೆ.

ಕಾವ್ಯಕ್ಕೆ ಮಾತ್ರ ಈ ದಾರಿ ನಡೆಯದು. ಯೋನನ ಎರಡನೆಯ ಅಧ್ಯಾಯದ ಪ್ರಾರ್ಥನೆಯಲ್ಲೇ ಸರಪಳಿ ಸಡಿಲವಾಗುತ್ತದೆ. ಯೋಬನ ಪುಸ್ತಕದಲ್ಲಿ ಗದ್ಯದ ಮೊದಲೆರಡು ಅಧ್ಯಾಯ ಮುಗಿಸಿ ಮೂರನೆಯದಕ್ಕೆ ಬಂದಾಗ ನಾನೂ ಉಳಿದವರಂತೆ ನಿಘಂಟು ತೆರೆದು ಕೂತೆ.