ಹಂಗಾಮಿನಾಗ ಹುಟ್ಟಿದ ಮಗಳು, ಕೂಡಿಸಿಟ್ಟ ಸೂಟಿ

ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವವರ ಮನೆಯ ಮದುವೆ, ಗೃಹಪ್ರವೇಶ, ದೇವರ ದರ್ಶನ ಎಲ್ಲ ಬೇಸಿಗೆಗೇ. ಅಕ್ಟೋಬರ್ ಕೊನೆಗೋ ನವೆಂಬರಿಗೋ ಕಬ್ಬು ನುರಿಸಲು ಶುರುವಾಯಿತೆಂದರೆ ಫ್ಯಾಕ್ಟರಿ ಬಂದ್ ಆಗುವ ತನಕ ಸೂಟಿಯ ಮಾತೇ ಇಲ್ಲ. ಕೂಸು ಮಾತ್ರ ಸೀಜನ್ ನೋಡಿ ಹುಟ್ಟುವುದಿಲ್ಲ. ನಮ್ಮ ಮಗಳು ಹುಟ್ಟಿದ್ದು ಡಿಸೆಂಬರಿನಲ್ಲಿ. ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ, ಏರುತ್ತಿತ್ತು, ಯಾರ್ಡ್ ತುಂಬಿ ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದು ನಿಂತಿತ್ತು.

ನಾನು ಮುಧೋಳ ತಾಲೂಕಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಶಿಫ್ಟ್ ಕೆಮಿಸ್ಟ್, ಪಾಳಿಯ ಮೇಲೆ ರಸ ಪರೀಕ್ಷೆ ಮಾಡುವವ. ಹೆಂಡತಿ ಮುಧೋಳದಲ್ಲೇ ಪತ್ತಿನ ಸಹಕಾರಿ ಸಂಘವೊಂದರಲ್ಲಿ ನೌಕರಿ ಮಾಡುತ್ತಾಳೆ. ಆಕೆಯ ತವರು ಜಮಖಂಡಿ. ಚೊಚ್ಚಲ ಹೆರಿಗೆ ತವರಲ್ಲೇ ಎಂಬುದು ನಮ್ಮ ಕಡೆ ಕೇಳುವ ಮಾತೇ ಅಲ್ಲ. ಕುಬಸ (ಸೀಮಂತ) ಮುಗಿಸಿಕೊಂಡು ಹೋದವಳು ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಕೂಸಿನೊಡನೆ ತಿರುಗಿ ಬರುವುದು ವಾಡಿಕೆ. ಅಪ್ಪನಾದವನ ಸೂಟಿಯ ಲೆಕ್ಕ ಇಲ್ಲಿಂದಲೇ ಬೇರೆಯಾಗುತ್ತದೆ. ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಹೊಂದುವ ಲೆಕ್ಕ ನಮಗೆ ಹೊಂದುವುದಿಲ್ಲ.

ಮೊದಲು ಕಾಯ್ದೆಯ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಲ್ಲಿ ಅನೇಕರಿಗೆ ಇದರಲ್ಲೇ ಗೊಂದಲ. ಕೇಂದ್ರ ಸರ್ಕಾರದ ನೌಕರನಿಗೆ 15 ದಿನದ ಪಿತೃತ್ವ ರಜೆ ಉಂಟು. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರಬೇಕು. ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು ಹೆರಿಗೆಯಾಗಿ ಆರು ತಿಂಗಳೊಳಗೆ ತೆಗೆದುಕೊಳ್ಳಬಹುದು. ರಾಜ್ಯ ಸರ್ಕಾರದ ನೌಕರನಿಗೂ 15 ದಿನ ಇದೆ. ನಮ್ಮಂಥ ಖಾಸಗಿಯವರಿಗೆ ಕಾಯ್ದೆಯಲ್ಲಿ ಒಂದು ದಿನವೂ ಇಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ತಾಯಿಗೆ 26 ವಾರ ಸಿಕ್ಕಿತು, ತಂದೆಯ ಹೆಸರು ಅದರಲ್ಲಿ ಬರಲಿಲ್ಲ. ಕಂಪನಿ ತಾನಾಗಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಇಲ್ಲ. ಸಕ್ಕರೆ ಕಾರ್ಖಾನೆ ಹಂಗಾಮಿನ ಕಾರ್ಖಾನೆ ಎಂಬ ಲೆಕ್ಕದಲ್ಲಿ ಕಾರ್ಮಿಕರ ವಿಮೆಯಾದ ಇಎಸ್‌ಐ ಕೂಡ ನಮಗೆ ಅನ್ವಯಿಸುವುದಿಲ್ಲ.

ಹಾಗಾದರೆ ಕೈಯಲ್ಲಿ ಏನಿತ್ತು? ಸಿಎಲ್ (ಸಾಂದರ್ಭಿಕ ರಜೆ), ಇಎಲ್ (ದುಡಿದು ಗಳಿಸಿದ ರಜೆ), ಸಿ-ಆಫ್ (ಸೂಟಿಯ ದಿನ ದುಡಿದದ್ದಕ್ಕೆ ಬದಲಿ ದಿನ). ನಾನು ಅರ್ಜಿ ಹಾಕಿದಾಗ ನಡೆಯುತ್ತಿದ್ದುದು 1948ರ ಕಾರ್ಖಾನೆ ಕಾಯ್ದೆ. ವರ್ಷದಲ್ಲಿ 240 ದಿನ ಕೆಲಸ ಮಾಡಿದವನಿಗೆ ಮುಂದಿನ ವರ್ಷ, ಪ್ರತಿ 20 ದಿನಕ್ಕೆ ಒಂದರಂತೆ ಸಂಬಳದ ರಜೆ. ಬಳಸದೆ ಉಳಿದದ್ದು 30 ದಿನದವರೆಗೆ ಮುಂದಕ್ಕೆ ಹೋಗುತ್ತಿತ್ತು. ಹದಿನೈದು ದಿನ ಮೊದಲೇ ಬರೆದು ಕೊಡಬೇಕಿತ್ತು, ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಒಡೆಯುವಂತಿರಲಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದು 240ರ ಜಾಗದಲ್ಲಿ 180 ದಿನ ಆಗಿದೆ. ನಾನು ಕಾಯಂ ನೌಕರನಾದ್ದರಿಂದ ನನಗೆ ಎರಡರಲ್ಲೂ ತೊಂದರೆ ಇಲ್ಲ. ಸೀಜನ್‌ಗೆ ಮಾತ್ರ ಬಂದು ಹೋಗುವವರು ನಾಲ್ಕೈದು ತಿಂಗಳ ದುಡಿಮೆಯಲ್ಲಿ 180 ಕೂಡ ಮುಟ್ಟುವುದಿಲ್ಲ. ಅವರ ಮನೆಯಲ್ಲೂ ಕೂಸು ಹುಟ್ಟುತ್ತವೆ.

ಸಿ-ಆಫ್ ಬಗ್ಗೆ ಒಂದು ಮಾತು. ವಾರದ ಸೂಟಿಯ ದಿನ ಕೆಲಸಕ್ಕೆ ಕರೆದರೆ ಅದರ ಬದಲಿ ದಿನವನ್ನು ಆ ತಿಂಗಳಲ್ಲಿ ಇಲ್ಲವೇ ಮುಂದಿನ ಎರಡು ತಿಂಗಳೊಳಗೆ ಕೊಡಬೇಕೆಂದು ಕಾಯ್ದೆ ಹೇಳುತ್ತಿತ್ತು. ಸೀಜನ್ ಶುರುವಿನಲ್ಲಿ ಟ್ರಯಲ್ ಹೊತ್ತಿಗೆ ಎಲ್ಲರನ್ನೂ ಕರೆಯುತ್ತಾರೆ, ಎಲ್ಲರೂ ಗೊಣಗುತ್ತ ಬರುತ್ತಾರೆ. ನಾನು ಗೊಣಗದೆ ಹೋದೆ. ಪ್ರತಿಯೊಂದನ್ನೂ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಬರೆಸಿ, ಚೀಟಿ ಇಸಕೊಂಡು ಇಟ್ಟೆ. ಬಾಯಿಮಾತಿನ ಸಿ-ಆಫ್ ಡಿಸೆಂಬರಿನಲ್ಲಿ ಯಾರ ನೆನಪಿನಲ್ಲೂ ಇರುವುದಿಲ್ಲ.

ಸೂಟಿಗಿಂತ ದೊಡ್ಡ ಪ್ರಶ್ನೆ ರಿಲೀವರ್, ಅಂದರೆ ನನ್ನ ಬದಲು ಪಾಳಿಗೆ ನಿಲ್ಲುವವ. ನಮ್ಮಲ್ಲಿ ಪಾಳಿ ನಸುಕಿನ 4ರಿಂದ ಮಧ್ಯಾಹ್ನ 12, 12ರಿಂದ ರಾತ್ರಿ 8, 8ರಿಂದ ಮತ್ತೆ ನಸುಕಿನ 4. ಮೂರು ಪಾಳಿಗೆ ಮೂವರು ಕೆಮಿಸ್ಟರು. ಒಬ್ಬ ಹೋದರೆ ಉಳಿದಿಬ್ಬರು ಹನ್ನೆರಡು ಹನ್ನೆರಡು ತಾಸು ನಿಲ್ಲಬೇಕು. ರಸದ ಪಿಎಚ್ ಹೆಚ್ಚುಕಡಿಮೆಯಾದರೆ ಸಕ್ಕರೆಯ ಬಣ್ಣ ಕೆಡುತ್ತದೆ, ಬ್ರಿಕ್ಸು, ಪೋಲು, ಪ್ಯೂರಿಟಿ ಎಂಬ ರಸದ ಸಕ್ಕರೆ ಅಂಶದ ಅಳತೆಗಳನ್ನು ತಾಸಿಗೆ ತಾಸಿಗೆ ಬರೆಯಬೇಕು. ಗಿರಣಿಗೆ ಯಾರ ಮನೆಯ ಬಾಣಂತನವೂ ಗೊತ್ತಾಗುವುದಿಲ್ಲ. ಅದಕ್ಕೇ ಸಾಹೇಬರ ಹತ್ತಿರ ಹೋಗುವ ಮೊದಲು ಜತೆಗಾರರಿಬ್ಬರ ಹತ್ತಿರ ಹೋದೆ. ದಸರಾ ಹಬ್ಬಕ್ಕೇ ಹೆರಿಗೆಯ ಅಂದಾಜು ತಾರೀಖು ಹೇಳಿದೆ. ಒಬ್ಬ ಬಾದಾಮಿ ಕಡೆಯವ, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ತಪ್ಪಿಸುವವನಲ್ಲ. ಇನ್ನೊಬ್ಬನದು ಹೊಲಮನಿ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋಗಲೇಬೇಕು. ಅವರ ದಿನಗಳನ್ನು ನಾನು ಹಿಡಿದುಕೊಂಡೆ, ನನ್ನವನ್ನು ಅವರು ಹಿಡಿದುಕೊಂಡರು. ಆಮೇಲೆ ಚೀಫ್ ಕೆಮಿಸ್ಟ್ ಸಾಹೇಬರ ಮುಂದೆ ನಿಂತೆ.

"ಸರ, ಸೀಜನ್‌ನ್ಯಾಗ ಪೂರಾ ಸೂಟಿ ಕೇಳಂಗಿಲ್ಲರಿ. ಹೆರಿಗಿ ಟೈಮಿಗೆ ಸ್ವಲ್ಪ ಕೊಡ್ರಿ, ಉಳಿದದ್ದು ಫ್ಯಾಕ್ಟರಿ ಬಂದ್ ಆದಮ್ಯಾಲೆ."

"ರಿಲೀವರ್ ಯಾರು ಅಂತ ನೀನ ಹೇಳು, ಸಹಿ ನಾ ಹಾಕ್ತೀನಿ" ಅಂದರು. ಹೆಸರು ರೆಡಿ ಇದ್ದವು.

ಕ್ಯಾಂಟೀನಿನಲ್ಲಿ ಚಾಷ್ಟಿ ಆಯಿತು. "ಹಡದಾಕಿ ಆಕಿ, ಸೂಟಿ ನಿನಗ್ಯಾಕಪಾ?" ಅಂತ. ಇದಕ್ಕೆ ಉತ್ತರ ಕೊಡುತ್ತ ಕೂಡುವುದು ದಂಡ. ಆದರೆ ಆ ಪ್ರಶ್ನೆಯಲ್ಲಿ ಅರ್ಧ ಸತ್ಯವೂ ಇದೆ. ನಮ್ಮ ಕಡೆ ಹೆರಿಗೆಯ ಮೊದಲ ವಾರ ಅಪ್ಪನಿಗೆ ನಿಜವಾಗಿ ಕೆಲಸ ಕಡಿಮೆ. ಬಾಣಂತಿ ಕೋಣೆಯಲ್ಲಿ ಅತ್ತಿ, ಅವರ ಅಕ್ಕ, ಎರೆಯುವ ಮುದುಕಿ. ಐದನೇ ದಿನ ಸೆಟಿಗೆವ್ವನ ಪೂಜೆ, ಆಮೇಲೆ ತೊಟ್ಟಿಲ ಕಾರ್ಯ. ಅಳಿಯ ಹೊರಗೆ ಕುರ್ಚಿಯ ಮೇಲೆ ಕೂತು ಬಂದವರಿಗೆ ಪೇಢೆ ಕೊಡುವವ. ಇದ್ದಬದ್ದ ಸೂಟಿಯನ್ನೆಲ್ಲ ಈ ಕುರ್ಚಿಗೆ ಸುರಿದರೆ, ಹೆಂಡತಿ ಕೂಸು ಮನೆಗೆ ಬಂದಾಗ, ಅತ್ತಿಯೂ ಇಲ್ಲ ಅವ್ವನೂ ಇಲ್ಲ ಎಂಬ ಹೊತ್ತಿಗೆ, ಕೈ ಖಾಲಿ. ಅದಕ್ಕೇ ನಾನು ಸೂಟಿಯನ್ನು ಮೂರು ಪಾಲು ಮಾಡಿದೆ: ಸಣ್ಣ ಪಾಲು ದವಾಖಾನೆಗೆ, ಬಿಡಿ ದಿನಗಳು ಲಸಿಕೆಗೆ, ದೊಡ್ಡ ಪಾಲು ಆಕೆ ಕ್ವಾರ್ಟರ್ಸ್‌ಗೆ ಮರಳಿದ ಮೇಲಿನ ದಿನಗಳಿಗೆ.

ದವಾಖಾನೆಯ ಪಾಲನ್ನೂ ಕುರ್ಚಿಗೆ ಕೊಡಲಿಲ್ಲ. ಮೂರನೇ ದಿನಕ್ಕೆ ಕೂಸಿನ ಮೈ ಹಳದಿಯಾಗತೊಡಗಿತು. ಎಳೆ ಬಿಸಿಲಿಗೆ ಹಿಡಿದರೆ ಹೋಗುತ್ತದೆ ಅಂದರು ಮನೆಯವರು. ದಿನಾಲೂ ರಸದ ಬಣ್ಣ ನೋಡುವವನಾದ್ದರಿಂದ ಕಣ್ಣಳತೆಯ ಮೇಲೆ ನನಗೆ ನಂಬಿಕೆ ಕಡಿಮೆ, ರೀಡಿಂಗ್ ಬೇಕು. ಡಾಕ್ಟರು ರಕ್ತದಲ್ಲಿ ಬಿಲಿರುಬಿನ್ (ಮೈ ಹಳದಿ ಮಾಡುವ ಅಂಶ) ನೋಡಿ ನೀಲಿ ದೀಪದ ಕೆಳಗೆ ಇಡಿಸಿದರು. ಬಹಳ ಕೂಸುಗಳಿಗೆ ಮೂರರಿಂದ ಐದನೇ ದಿನದ ಹೊತ್ತಿಗೆ ಕಾಮಾಲೆ ಏರಿ ಆಮೇಲೆ ಇಳಿಯುತ್ತದೆ, ಯಾವುದಕ್ಕೆ ದೀಪ ಬೇಕು ಯಾವುದಕ್ಕೆ ಬೇಡ ಎಂಬುದನ್ನು ಅಂಕಿ ಹೇಳುತ್ತದೆ ಎಂದು ವಿವರಿಸಿದರು. ಆ ಹೊತ್ತಿನಲ್ಲಿ ಹೆಂಡತಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಕೂಸನ್ನು ಹಾಲಿಗೆ ತಂದು ಕೊಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸುವುದು, ಮತ್ತೆ ದೀಪದ ಕೆಳಗೆ ಮಲಗಿಸುವುದು, ಇಷ್ಟು ನನ್ನ ಡ್ಯೂಟಿ. ದಿನಕ್ಕೆ 8ರಿಂದ 12 ಸಲ ಕುಡಿಯಬೇಕು ಅಂದಿದ್ದರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಕುಡಿದ ವೇಳೆ, ಒದ್ದೆಯಾದ ಬಟ್ಟೆ ಬರೆಯುತ್ತ ಹೋದೆ. ಅತ್ತಿ ನೋಡಿ, "ಇದೇನ್ರಿ ಅಳಿಯಾರ, ಫ್ಯಾಕ್ಟರಿ ಲಾಗ್‌ಬುಕ್ಕೇನು?" ಎಂದು ನಕ್ಕರು. ಮರುದಿನ ರೌಂಡ್ಸಿಗೆ ಬಂದ ಡಾಕ್ಟರು ಅದನ್ನೇ ಕೇಳಿ ತೆಗೆದುಕೊಂಡು ನೋಡಿದರು. ಆಮೇಲೆ ಅತ್ತಿಯೇ "ಬರದ್ರೇನು?" ಅಂತ ಕೇಳತೊಡಗಿದರು.

ಡ್ಯೂಟಿಗೆ ಮರಳಿದ ಮೇಲೆ ಪಾಳಿ ಬದಲಿಸಿಕೊಂಡೆ. ಬೇರೆಯವರು ಬೇಡ ಅನ್ನುವ ನಸುಕಿನ 4ರ ಪಾಳಿ ಹೊಸ ಅಪ್ಪನಿಗೆ ಬಂಗಾರ. ಹನ್ನೆರಡಕ್ಕೆ ಚಾರ್ಜ್ ಕೊಟ್ಟು ಬಸ್ಸು ಹತ್ತಿದರೆ ಮಧ್ಯಾಹ್ನ ಜಮಖಂಡಿ. ಅತ್ತಿಯೂ ಮಗಳೂ ಮಲಗಿದಾಗ ಕೂಸು ನನ್ನ ಎದೆಯ ಮೇಲೆ. ಸಂಜೆ ಬಸ್ಸಿಗೆ ವಾಪಸ್. ರಾತ್ರಿ ಪಾಳಿ ಬಂದ ವಾರ ನಸುಕಿನಲ್ಲಿ ಬೈಕ್ ಮುಟ್ಟುತ್ತಿರಲಿಲ್ಲ. ಸೀಜನ್‌ನಲ್ಲಿ ಆ ರಸ್ತೆಯ ಮೇಲೆ ಹಿಂದೆ ದೀಪವಿಲ್ಲದ, ಎರಡೆರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎಲ್ಲೆಂದರಲ್ಲಿ ನಿಂತಿರುತ್ತವೆ. ನಿದ್ದೆಗೆಟ್ಟ ಕಣ್ಣಿಗೆ ಅವು ಕಾಣುವುದಿಲ್ಲ. ಬೆಳಕು ಹರಿಯುವ ತನಕ ಕ್ವಾರ್ಟರ್ಸ್‌ನಲ್ಲಿ ಮಲಗಿ ಆಮೇಲೆ ಹೋಗುತ್ತಿದ್ದೆ. 12ರಿಂದ 8ರ ಪಾಳಿಯ ವಾರ ಮಾತ್ರ ಬರಿ ಫೋನು.

ಲಸಿಕೆ 6, 10, 14 ವಾರಕ್ಕೆ. ನಮ್ಮ ಕಡೆ ಲಸಿಕೆಯ ದಿನ ಗುರುವಾರ. ಅದಕ್ಕೆ ನನ್ನ ವಾರದ ಸೂಟಿಯನ್ನೇ ಗುರುವಾರಕ್ಕೆ ಹಾಕಿಸಿಕೊಂಡೆ. ಟೈಮ್ ಆಫೀಸಿನವರಿಗೆ ಯಾವ ವಾರವಾದರೇನು. ಐದು ರೋಗ ತಡೆಯುವ ಪೆಂಟಾವೇಲೆಂಟ್ ಸೂಜಿ ಆದ ರಾತ್ರಿ ಜ್ವರ ಬರಬಹುದು, ಕೂಸು ಕಿರಿಕಿರಿ ಮಾಡುತ್ತದೆ. ಆದ್ದರಿಂದ ಒಂದು ಸಿ-ಆಫ್ ಚೀಟಿ ಶುಕ್ರವಾರಕ್ಕೆ.

ಬಾಣಂತನದಲ್ಲಿ ಅಳಿಯ ಬಾಯಿ ಹಾಕಬಾರದು ಅನ್ನುತ್ತಾರೆ. ಎರಡು ವಿಷಯಕ್ಕೆ ಹಾಕಿದೆ. ಒಂದು, ಬಾಗಿಲು ಕಿಟಕಿ ಮುಚ್ಚಿ ಹೊರಸಿನ ಕೆಳಗೆ ಇದ್ದಿಲ ಅಗ್ಗಿಷ್ಟಿಕಿ ಇಡುವುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್, ವಾಸನೆಯೂ ಬಾರದೆ ಜೀವ ತೆಗೆಯುತ್ತದೆ. ಕಾಸಿಕೊಳ್ಳುವಷ್ಟು ಹೊತ್ತು ಕಿಟಕಿ ತೆರೆದಿಡಿ, ಮಲಗುವ ಮುಂದೆ ಅಗ್ಗಿಷ್ಟಿಕಿ ಹೊರಗೆ ಇಡಿ ಅಂದೆ. ಫ್ಯಾಕ್ಟರಿಯ ಕೆಲಸದವನು ಹೇಳುತ್ತಾನೆ ಅಂತ ಒಪ್ಪಿದರು. ಇನ್ನೊಂದು, ಕೂಸಿಗೆ ಬಜಿ (ಬಜೆ ಬೇರು) ತೇಯ್ದು ನೆಕ್ಕಿಸುವ ಗುಟ್ಟಿ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಎಂದಿದ್ದರು. ಇದನ್ನು ನಾನು ಹೇಳಿದ್ದರೆ ಮನಸ್ತಾಪ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕೆಂಬ ಪದ್ಧತಿ ಇದೆ. ಆಕೆ ಬರುವ ದಿನ ನೋಡಿಕೊಂಡು ಹೋಗಿ, "ಅಕ್ಕಾರ, ಗುಟ್ಟಿ ಕೊಡಬೇಕೇನ್ರಿ?" ಎಂದು ಅಮಾಯಕನಂತೆ ಕೇಳಿದೆ. ಆಕೆ ಅರ್ಧ ತಾಸು ಮಾತಾಡಿದಳು. ನಾನು ಚಹಾ ಕುಡಿದೆ. ಅಳವಿ ಪಾಯಸ, ಅಂಟಿನುಂಡಿಯ ತಂಟೆಗೆ ಹೋಗಲಿಲ್ಲ, ಅವು ಬಾಣಂತಿಗೆ. ನನ್ನ ಪಾಲಿಗೂ ಬರುತ್ತಿದ್ದವು.

ಹೆಂಡತಿ ಎರಡನೇ ವಾರ ಸುಮ್ಮಸುಮ್ಮನೆ ಅಳುತ್ತಿದ್ದಳು. "ದೃಷ್ಟಿ ಆಗೇತಿ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಹೆರಿಗೆಯ ಮೊದಲೆರಡು ವಾರ ಇಂಥ ಅಳು ಬಹಳ ಮಂದಿಗೆ ಬಂದು ತಾನೇ ಹೋಗುತ್ತದೆ. ಎರಡು ವಾರ ದಾಟಿಯೂ ಇದ್ದರೆ, ಕೂಸನ್ನು ಮುಟ್ಟಲೂ ಬೇಡವೆನಿಸಿದರೆ, ಡಾಕ್ಟರಿಗೆ ತೋರಿಸಬೇಕು. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ನಂಬರನ್ನು ಬರೆದಿಟ್ಟುಕೊಂಡಿದ್ದೆ, ಅದು ಬೇಕಾಗಲಿಲ್ಲ. ಆಕೆಗೆ ಬೇಕಾಗಿದ್ದುದು ಸತತ ನಾಲ್ಕು ತಾಸು ನಿದ್ದೆ. ಮಧ್ಯಾಹ್ನ ಕೂಸು ಹಿಡಿಯುವ ನನ್ನ ಡ್ಯೂಟಿಯಿಂದ ಅದರಲ್ಲಿ ಅರ್ಧವಾದರೂ ಸಿಕ್ಕಿತು.

ಕಾಗದಪತ್ರದ ಕೆಲಸ ಪೂರ್ತಿ ನನ್ನದೇ. ಜನನ ನೋಂದಣಿ 21 ದಿನದೊಳಗೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಆಧಾರಿಗೂ ಜನನ ಪ್ರಮಾಣಪತ್ರವೇ ದಾಖಲೆ, ಆದ್ದರಿಂದ ತಂದೆತಾಯಿಯ ಹೆಸರಿನ ಕಾಗುಣಿತ, ಇನಿಷಿಯಲ್ ಆಗಲೇ ನೋಡಿಕೊಳ್ಳುವುದು ಒಳ್ಳೆಯದು.

ಮಾರ್ಚ್ ಕೊನೆಗೆ ಕಬ್ಬು ಮುಗಿದು ಫ್ಯಾಕ್ಟರಿ ಬಂದ್ ಆಯಿತು. ಓವರ್‌ಹಾಲಿಂಗ್, ಅಂದರೆ ಯಂತ್ರಗಳ ದುರಸ್ತಿಯ ಹೊತ್ತಿಗೆ ಎಲ್ಲರಿಗೂ ಜನರಲ್ ಶಿಫ್ಟ್, ಹಗಲಿನ ಕೆಲಸ. ಏಪ್ರಿಲಿನಲ್ಲಿ ಹೆಂಡತಿ ಕೂಸನ್ನು ಕರೆದುಕೊಂಡು ಬಂದಳು, ನಾನು ಕೂಡಿಸಿಟ್ಟ ಇಎಲ್ ಆಗ ತೆಗೆದೆ. ಅತ್ತಿ ಒಂದು ವಾರ ಇದ್ದು ಹೋದರು. ಅಲ್ಲಿಂದ ಶುರುವಾದದ್ದೇ ನಿಜವಾದ ದುಡಿಮೆ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ನಾನು ಅತ್ತಿಯ ಹತ್ತಿರ ಕಲಿತಿದ್ದೆ. ಚಾಚಿದ ಕಾಲ ಮೇಲೆ ಮಲಗಿಸಿ, ಒಂದು ಕೈ ಕುತ್ತಿಗೆಯ ಕೆಳಗೆ. ಬಟ್ಟೆ, ಅಡಿಗೆ, ರಾತ್ರಿ ಎದ್ದು ತೊಟ್ಟಿಲು ತೂಗುವುದು. ನಾಲ್ಕು ತಿಂಗಳ ಕೂಸು ನಕ್ಕು ಆಡುತ್ತದೆ, ಮುಖ ಗುರುತು ಹಿಡಿಯುತ್ತದೆ. ಮೊದಲ ವಾರದಲ್ಲಿ ಕುರ್ಚಿಯ ಮೇಲೆ ಕೂತು ಹೋದ ಅಪ್ಪನಿಗೆ ಇದು ಸಿಗುವುದಿಲ್ಲ.

ಒಂದು ಎಚ್ಚರಿಕೆ: ಈ ಹಂಚಿಕೆ ತವರಿನಲ್ಲಿ ನೋಡಿಕೊಳ್ಳುವವರು ಇದ್ದವರಿಗೆ ಮಾತ್ರ. ತಾಯಿಯಿಲ್ಲದ ಹೆಣ್ಣುಮಗಳಿಗೆ, ಸಿಜೇರಿಯನ್ ಆಗಿ ಮನೆಯಲ್ಲಿ ಯಾರೂ ಇಲ್ಲದವಳಿಗೆ, ಮೊದಲ ದಿನದಿಂದಲೇ ಗಂಡ ಬೇಕು. ಅಂಥವರು ಇಎಲ್ ಸಾಲದಿದ್ದರೆ ಸಂಬಳ ಕಡಿತವಾದರೂ ಸರಿ, ಆಗಲೇ ತೆಗೆಯಬೇಕು. ಗಂಡನಿಗೆ ಸಂಬಳದ ರಜೆ ಕೊಡಬೇಕೆಂದು ಕಾಯ್ದೆ ಹೇಳಿದ್ದರೆ ಈ ಚೌಕಾಸಿ, ಚೀಟಿ, ಜಾತ್ರೆಯ ಅದಲುಬದಲು ಯಾವುದೂ ಬೇಕಿರಲಿಲ್ಲ. ನನಗೆ ಒಳ್ಳೆಯ ಜತೆಗಾರರು ಸಿಕ್ಕರು, ಎಲ್ಲರಿಗೂ ಸಿಗಬೇಕೆಂದೇನಿಲ್ಲ.

ಹೆಂಡತಿಯ 26 ವಾರ ಮುಗಿದು ಆಕೆ ಸಂಘದ ಕೆಲಸಕ್ಕೆ ಮರಳಿದ್ದಾಳೆ. ಹಗಲು ನಮ್ಮವ್ವ ಊರಿಂದ ಬಂದು ನೋಡಿಕೊಳ್ಳುತ್ತಾಳೆ. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ತಿದ್ದುಪಡಿ ಹೇಳಿತ್ತು, ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. ನಮ್ಮ ಕಾರ್ಖಾನೆಯ ಆವರಣದಲ್ಲಿ ಅದಕ್ಕೆಂದು ಕೇಳಿ ಬರೆದ ಅರ್ಜಿ ಈಗ ಪರ್ಸನಲ್ ಆಫೀಸಿನ ಟೇಬಲ್ ಮೇಲಿದೆ. ಈ ಸೀಜನ್‌ಗೆ ರಸ ಕುದಿಸಿ ಸಕ್ಕರೆ ಹರಳು ಮಾಡುವ ಪ್ಯಾನ್ ಸೆಕ್ಷನ್ನಿನ ಒಬ್ಬನ ಮನೆಯಲ್ಲಿ ಜನವರಿಗೆ ಹೆರಿಗೆ ಇದೆ. ಟೈಮ್ ಆಫೀಸಿನಲ್ಲಿ ಚೀಟಿ ಬರೆಸುವುದನ್ನು ಅವನಿಗೆ ಆಗಲೇ ಹೇಳಿಕೊಟ್ಟಿದ್ದೇನೆ.