ಗುಲ್ಮ ಉಳಿಸುವ ಪ್ಯಾಂಕ್ರಿಯಾಸ್ ಶಸ್ತ್ರಚಿಕಿತ್ಸೆ: ಊರು ಬಿಡುವ ಮುನ್ನ ತಿಳಿದಿರಬೇಕಾದದ್ದು

ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸಿನ, ಬಾಲದ ಭಾಗದಲ್ಲಿ ಗಡ್ಡೆಯಿದೆ ಎಂದು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮಾಡಿಸಿದ ಸ್ಕ್ಯಾನಿನಲ್ಲಿ ತಿಳಿದುಬಂದರೆ, ಮನೆಯವರು ಬೆಂಗಳೂರಿಗೋ ಮಂಗಳೂರಿಗೋ ಹೊರಡುತ್ತಾರೆ. ಅಲ್ಲಿ ಶಸ್ತ್ರವೈದ್ಯರನ್ನು ಮೊದಲು ಕೇಳಬೇಕಾದ ಮಾತು, ಗುಲ್ಮವನ್ನು, ಅಂದರೆ ಸ್ಪ್ಲೀನನ್ನು, ಉಳಿಸಲಾದೀತೇ ಎಂಬುದು.

ಗುಲ್ಮಕ್ಕೆ ಹೋಗಿಬರುವ ರಕ್ತನಾಳಗಳು ಈ ಗ್ರಂಥಿಗೆ ಅಂಟಿಕೊಂಡೇ ಸಾಗುವುದರಿಂದ ಎರಡನ್ನೂ ಒಟ್ಟಿಗೆ ತೆಗೆಯುವುದು ಸುಲಭ. ಆದರೆ ಗಡ್ಡೆ ನಿರಪಾಯಕಾರಿಯಾಗಿದ್ದರೆ, ಉದಾಹರಣೆಗೆ ಚಿಕ್ಕ ಇನ್ಸುಲಿನೋಮಾ (ಇನ್ಸುಲಿನ್ ಸ್ರವಿಸುವ ಗಡ್ಡೆ) ಆಗಿದ್ದರೆ, ಸೋಂಕಿನ ವಿರುದ್ಧ ಹೋರಾಡುವ ಅಂಗವನ್ನು ಸುಮ್ಮನೆ ಕಳೆದುಕೊಳ್ಳಬಾರದು. ಕ್ಯಾನ್ಸರ್ ಆಗಿದ್ದಲ್ಲಿ ಸುತ್ತಲಿನ ದುಗ್ಧರಸ ಗ್ರಂಥಿಗಳೊಡನೆ (ಲಿಂಫ್ ನೋಡ್) ಗುಲ್ಮವನ್ನೂ ತೆಗೆಯುವುದೇ ವಾಡಿಕೆ. ಆಗ ಉಳಿಸಿರೆಂದು ಹಟ ಹಿಡಿಯಬೇಡಿ.

ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸುತ್ತಾರೆ. ಗುಲ್ಮ ಉಳಿಸಲು ಎರಡು ವಿಧಾನಗಳಿವೆ. 1996ರಲ್ಲಿ ಪ್ರಕಟವಾದ ಕಿಮುರಾ ವಿಧಾನದಲ್ಲಿ ಗ್ರಂಥಿಯೊಳಕ್ಕೆ ಹೋಗುವ ಎಳೆಯಂಥ ಕವಲುಗಳನ್ನು ಒಂದೊಂದಾಗಿ ಕತ್ತರಿಸಿ ಮುಖ್ಯ ನಾಳಗಳನ್ನು ಉಳಿಸುತ್ತಾರೆ. 1988ರ ವಾರ್ಶಾ ವಿಧಾನದಲ್ಲಿ ಮುಖ್ಯ ನಾಳಗಳನ್ನೇ ಕತ್ತರಿಸುವುದರಿಂದ, ಗುಲ್ಮವು ಜಠರದ ಕಡೆಯಿಂದ ಬರುವ ಸಣ್ಣ ನಾಳಗಳ ರಕ್ತದಲ್ಲೇ ಬದುಕಬೇಕಾಗುತ್ತದೆ. ಕೆಲವರಲ್ಲಿ ಅದರ ಒಂದು ಭಾಗ ರಕ್ತ ಸಾಲದೆ ಸತ್ತು, ಎಡಪಕ್ಕೆಯಲ್ಲಿ ನೋವು ಬರಬಹುದು. ಯಾವ ವಿಧಾನವೆಂದು ಕೇಳಿ ಬರೆದಿಟ್ಟುಕೊಳ್ಳಿ.

ಉಳಿಸುವ ಯೋಜನೆಯಿದ್ದರೂ ರಕ್ತಸ್ರಾವವಾದರೆ ಅಲ್ಲೇ ನಿರ್ಧಾರ ಬದಲಾಗಿ ಗುಲ್ಮವನ್ನು ತೆಗೆಯಬೇಕಾಗಬಹುದು. ಆದ್ದರಿಂದ ನ್ಯೂಮೋಕಾಕಸ್, ಮೆನಿಂಗೋಕಾಕಸ್ ಮತ್ತು ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ) ಎಂಬ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳ ಬಗ್ಗೆ ವೈದ್ಯರನ್ನು ಮುಂಚೆಯೇ ಕೇಳಿ, ಸಾಧ್ಯವಿದ್ದರೆ ಶಸ್ತ್ರಚಿಕಿತ್ಸೆಗೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಿಕೊಳ್ಳಿ. ಈ ಒಂದು ಕೆಲಸವನ್ನು ಮರೆಯುವವರೇ ಹೆಚ್ಚು ಎಂಬುದು ನನ್ನ ಕಳವಳ.

ಶಸ್ತ್ರಚಿಕಿತ್ಸೆಯ ನಂತರ ಗಮನವೆಲ್ಲ ಹೊಟ್ಟೆಯೊಳಗಿನ ದ್ರವವನ್ನು ಹೊರಕ್ಕೆ ಹರಿಸುವ ಡ್ರೈನ್ ಕೊಳವೆಯ ಮೇಲಿರಲಿ. ಕತ್ತರಿಸಿದ ಅಂಚಿನಿಂದ ಜೀರ್ಣರಸ ಸೋರುವುದೇ ಇಲ್ಲಿನ ದೊಡ್ಡ ತೊಡಕು. ಮೂರನೆಯ ದಿನ ಅಥವಾ ಅದರ ನಂತರ, ಕೊಳವೆಯಿಂದ ಬರುವ ದ್ರವದಲ್ಲಿ ಅಮೈಲೇಸ್ ಎಂಬ ಜೀರ್ಣಕಾರಿ ಕಿಣ್ವದ ಪ್ರಮಾಣವು ರಕ್ತದ ಸಾಮಾನ್ಯ ಮಿತಿಯ ಮೂರು ಪಟ್ಟನ್ನು ಮೀರಿದರೆ ವೈದ್ಯರು ಸೋರಿಕೆಯನ್ನು ಶಂಕಿಸುತ್ತಾರೆ. ಒರತೆಯ ನೀರಿನಂತೆ ತಿಳಿಯಾಗಿ ಕಂಡರೂ ಅದು ಜೀರ್ಣರಸವೇ ಆಗಿರಬಹುದು. ಕೊಳವೆಯೊಂದಿಗೇ ಮನೆಗೆ ಕಳುಹಿಸಿದರೆ, ಪ್ರತಿದಿನ ಎಷ್ಟು ಮಿಲಿಲೀಟರ್ ಬಂತು, ಯಾವ ಬಣ್ಣವಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೆಂಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತೋಟದವರು ವೈದ್ಯರ ಒಪ್ಪಿಗೆಯಿಲ್ಲದೆ ಕಾಫಿ ಮೂಟೆಗೆ ಕೈಹಾಕಬಾರದು. ಇನ್ಸುಲಿನ್ ತಯಾರಿಸುವ ಗ್ರಂಥಿಯ ಭಾಗ ಹೋಗಿರುವುದರಿಂದ ಸಕ್ಕರೆ ಪರೀಕ್ಷೆಯನ್ನು ಆಗಾಗ ಮಾಡಿಸಿ. ಗುಲ್ಮವನ್ನು ತೆಗೆದಿದ್ದರೆ ಅದರ ವಿವರವುಳ್ಳ ಡಿಸ್ಚಾರ್ಜ್ ಸಾರಾಂಶದ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡಿರಿ. ಜ್ವರ ಬಂದರೆ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯದೆ, ರಾತ್ರಿಯೇ ಹತ್ತಿರದ ಆಸ್ಪತ್ರೆಗೆ ಹೋಗಿ ಅದನ್ನು ತೋರಿಸಿ.