ಆಟೋಕ್ಯಾಡ್ ಡ್ರಾಯಿಂಗ್‌ನಲ್ಲಿ ∅, ±, ° ಬರೆಯುವುದು ಹೇಗೆ?

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಂಬದ ಡ್ರಾಯಿಂಗ್‌ನಲ್ಲಿ ‘8-16∅’ ಎಂದು ಬರೆದಿದ್ದೆ. 16 ಎಂಎಂ ವ್ಯಾಸದ ಎಂಟು ಕಂಬಿ ಎಂದರ್ಥ. ಪ್ರಿಂಟ್ ಅಂಗಡಿಯಲ್ಲಿ ಅದು ‘8-16?’ ಆಗಿ ಹೊರಬಂತು. ಸೈಟ್‌ನಿಂದ ಮೇಸ್ತ್ರಿ ಫೋನ್ ಮಾಡಿದರು: “ಸಾರ್, ಇದು 16 ಎಂಎಂ ಕಂಬಿನಾ, ಇಲ್ಲಾ 8ರಿಂದ 16 ಕಂಬಿ ಹಾಕ್ಬೇಕಾ?” ಅವರು ಕೇಳಿದ್ದರಿಂದ ಬಚಾವಾದೆವು.

ಆ ∅ ಚಿಹ್ನೆಯನ್ನು ನಾನು ಬೇರೊಂದು ಫೈಲ್‌ನಿಂದ ಕಾಪಿ ಮಾಡಿ ಅಂಟಿಸಿದ್ದೆ. ನನ್ನ ಕಂಪ್ಯೂಟರ್‌ನ ಫಾಂಟ್ ಅಂಗಡಿಯವರ ಹತ್ತಿರ ಇರಲಿಲ್ಲ. ಅದರ ಬದಲಿಗೆ ಬಂದ ಫಾಂಟ್‌ನಲ್ಲಿ ಆ ಚಿಹ್ನೆಯೇ ಇರಲಿಲ್ಲ. ಹಾಗಾಗಿ ಚಿಹ್ನೆ ನಮ್ಮ ಪರದೆಯಲ್ಲಿ ಕಂಡರಷ್ಟೇ ಸಾಲದು, ಡ್ರಾಯಿಂಗ್ ಹೋದ ಕಡೆಯೂ ಕಾಣಬೇಕು.

ದಿನಾ ಬೇಕಾಗುವ ಮೂರು

ಇದಕ್ಕೆ ಮೆನು ಹುಡುಕುವುದೇ ಬೇಡ. ಟೆಕ್ಸ್ಟ್ ಬರೆಯುವಾಗ ಪರ್ಸೆಂಟ್ ಗುರುತನ್ನು ಎರಡು ಸಲ ಒತ್ತಿ (%%), ಜಾಗ ಬಿಡದೆ ಒಂದು ಇಂಗ್ಲಿಷ್ ಅಕ್ಷರ ಹಾಕಿ. ‘ಸಿ’ ಹಾಕಿದರೆ ವ್ಯಾಸದ ∅, ‘ಡಿ’ ಹಾಕಿದರೆ ಡಿಗ್ರಿಯ °, ‘ಪಿ’ ಹಾಕಿದರೆ ±. ಸಣ್ಣಕ್ಷರವಾದರೂ ಸರಿ, ದೊಡ್ಡಕ್ಷರವಾದರೂ ಸರಿ. ಒಂದೇ ಸಾಲಿನ ಟೆಕ್ಸ್ಟ್‌ನಲ್ಲೂ ನಡೆಯುತ್ತದೆ, ಹಲವು ಸಾಲು ಬರೆಯುವ ‘ಎಂಟೆಕ್ಸ್ಟ್’ನಲ್ಲೂ ನಡೆಯುತ್ತದೆ.

ಉಳಿದ ಚಿಹ್ನೆಗಳು

ಎಂಟೆಕ್ಸ್ಟ್ ತೆರೆದಾಗ ಮೇಲಿನ ಪಟ್ಟಿಯಲ್ಲಿ @ ಗುರುತಿನ ‘ಸಿಂಬಲ್’ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಕೋನ, ಡೆಲ್ಟಾ, ಓಮ್, ವರ್ಗ, ಘನ ಎಲ್ಲವೂ ಸಿಗುತ್ತವೆ. ಅಲ್ಲೂ ಇಲ್ಲದಿದ್ದರೆ ಕೊನೆಯ ‘ಅದರ್’ ಒತ್ತಿ. ವಿಂಡೋಸ್‌ನ ಕ್ಯಾರೆಕ್ಟರ್ ಮ್ಯಾಪ್ ತೆರೆದುಕೊಳ್ಳುತ್ತದೆ.

ಕೀಬೋರ್ಡ್‌ನಿಂದಲೇ ಹಾಕಬೇಕಾದರೆ ಯೂನಿಕೋಡ್ ಸಂಖ್ಯೆ, ಅಂದರೆ ಪ್ರತಿ ಚಿಹ್ನೆಗೂ ಇರುವ ಕೋಡ್, ಬೇಕು. ಬ್ಯಾಕ್‌ಸ್ಲ್ಯಾಶ್ (\), ದೊಡ್ಡಕ್ಷರದ ‘ಯು’, ಪ್ಲಸ್, ಆಮೇಲೆ ನಾಲ್ಕು ಅಂಕಿ. ≠ಗೆ 2260, ≤ಗೆ 2264, ≥ಗೆ 2265, ≈ಗೆ 2248, ∠ಗೆ 2220. ನಾನು ಇವನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿಕೊಂಡಿದ್ದೇನೆ.

ಅಳತೆಯ ಜೊತೆ ಟಾಲರೆನ್ಸ್

ಟಾಲರೆನ್ಸ್ ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಆದರೂ ನಡೆಯುತ್ತದೆ ಎಂಬ ಮಿತಿ. ಜಾಸ್ತಿ ತಪ್ಪಾಗುವುದು ಇಲ್ಲಿ. ಡೈಮೆನ್ಷನ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಇದ್ದ ಅಂಕಿ ಅಳಿಸಿ, ಕೈಯಾರೆ ‘25±0.05’ ಎಂದು ಬರೆದುಬಿಡುತ್ತಾರೆ. ನಾಳೆ ಆ ಗೆರೆಯನ್ನು 30ಕ್ಕೆ ಎಳೆದರೂ ಅಂಕಿ 25 ಎಂದೇ ಉಳಿಯುತ್ತದೆ. ಲೇತ್ ಮುಂದೆ ನಿಂತವರಿಗೆ ಇದು ಗೊತ್ತಾಗುವುದಾದರೂ ಹೇಗೆ? ದಯವಿಟ್ಟು ಹೀಗೆ ಮಾಡಬೇಡಿ. ಪ್ರಾಪರ್ಟೀಸ್‌ನ ‘ಟೆಕ್ಸ್ಟ್ ಓವರ್‌ರೈಡ್’ ಜಾಗದಲ್ಲಿ ಮೊದಲು <> ಹಾಕಿ. ನಿಜವಾದ ಅಳತೆ ಕೂರುವ ಜಾಗ ಅದು. ಅದಕ್ಕೆ ತಾಗಿಸಿ %% ಮತ್ತು ‘ಪಿ’, ನಂತರ 0.05 ಬರೆಯಿರಿ. ಗೆರೆ ಬದಲಾದರೆ ಅಂಕಿಯೂ ಬದಲಾಗುತ್ತದೆ, ± ಹಾಗೇ ಇರುತ್ತದೆ.

ಟಾಲರೆನ್ಸ್ ಎರಡೂ ಕಡೆ ಸಮ ಇಲ್ಲದಿದ್ದರೆ ಒಂದರ ಮೇಲೊಂದು ಬರೆಯಬೇಕು. 25 ಎಂಎಂ ರಂಧ್ರಕ್ಕೆ ಮೇಲೆ +0.021, ಕೆಳಗೆ 0 ಬರಬೇಕು ಅಂದುಕೊಳ್ಳಿ. ಎಂಟೆಕ್ಸ್ಟ್‌ನಲ್ಲಿ ‘+0.021^ 0’ ಎಂದು ಬರೆದು, ಅಷ್ಟನ್ನೇ ಸೆಲೆಕ್ಟ್ ಮಾಡಿ ‘ಸ್ಟ್ಯಾಕ್’ ಒತ್ತಿ. 0 ಮೊದಲು ಒಂದು ಸ್ಪೇಸ್ ಬಿಟ್ಟಿದ್ದು ಗಮನಿಸಿದಿರಾ? ಮೇಲಿನ ಪ್ಲಸ್ ಗುರುತಿನ ಕೆಳಗೆ ಆ ಖಾಲಿ ಜಾಗ ಬಂದು, ಸೊನ್ನೆಯ ಕೆಳಗೆ ಸೊನ್ನೆ ಕೂರುತ್ತದೆ. ಚದರ ಮೀಟರ್‌ನ 2 ಮೇಲೇರಿಸಲೂ ಇದೇ ದಾರಿ: ‘2^’ ಬರೆದು ಅದನ್ನಷ್ಟೇ ಸ್ಟ್ಯಾಕ್ ಮಾಡಿ.

ಪ್ರಶ್ನಾರ್ಥಕ ಚಿಹ್ನೆ ಬಂದರೆ

ನಿಮ್ಮ ಪರದೆಯಲ್ಲೇ ? ಅಥವಾ ಖಾಲಿ ಡಬ್ಬಿ ಕಂಡರೆ ಕೋಡ್ ಮತ್ತೆ ಮತ್ತೆ ಟೈಪ್ ಮಾಡಬೇಡಿ. ತಪ್ಪು ಫಾಂಟ್‌ನದು. ‘ಸ್ಟೈಲ್’ ಕಮಾಂಡ್ ಕೊಟ್ಟು ಯಾವ ಫಾಂಟ್ ಇದೆ ನೋಡಿ. ಆಟೋಕ್ಯಾಡ್‌ನದೇ ಆದ ಹಳೆಯ ಎಸ್‌ಎಚ್‌ಎಕ್ಸ್ ಫಾಂಟ್‌ಗಳಲ್ಲಿ ಚಿಹ್ನೆಗಳು ಕಡಿಮೆ. ಏರಿಯಲ್‌ನಂಥ ಟ್ರೂಟೈಪ್ ಫಾಂಟ್‌ಗೆ ಬದಲಿಸಿದರೆ ಹೆಚ್ಚಿನವು ಸರಿಹೋಗುತ್ತವೆ.

ಡ್ರಾಯಿಂಗ್ ಹೊರಗೆ ಕಳಿಸುವಾಗ, ಅದಕ್ಕೆ ಬೇಕಾದ ಫೈಲ್‌ಗಳನ್ನೆಲ್ಲ ಒಟ್ಟಿಗೆ ಕಟ್ಟಿಕೊಡುವ ‘ಈ-ಟ್ರಾನ್ಸ್‌ಮಿಟ್’ ಕಮಾಂಡ್ ಬಳಸಿ, ‘ಇನ್‌ಕ್ಲೂಡ್ ಫಾಂಟ್ಸ್’ ಆಯ್ಕೆಗೆ ಟಿಕ್ ಹಾಕಿ. ಪ್ರಿಂಟ್‌ಗಷ್ಟೇ ಆದರೆ ಪಿಡಿಎಫ್ ಸಾಕು. ಕಳಿಸುವ ಮುಂಚೆ ಆ ಪಿಡಿಎಫ್ ತೆರೆದು, ಕಂಬಿಯ ವಿವರ ಬರೆದ ಕಡೆ ಜೂಮ್ ಮಾಡಿ, ∅ ಕಣ್ಣಾರೆ ನೋಡಿಯೇ ಕಳಿಸಿ.